ಡ್ಯಾನ್ ಲೀವಿಯದು ಅರ್ಧಕ್ಕೆ ನಿಂತ ಆಟವಲ್ಲ

ಡಬ್ಲಿನ್ನಿನಲ್ಲಿ ರಗ್ಬಿ ಬಲ್ಲವರು ನಾಲ್ಕು ಜನ ಕುಳಿತಲ್ಲಿ ಡ್ಯಾನ್ ಲೀವಿಯ ಹೆಸರು ಬಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಯಾರು ಯಾರಿಗಿಂತ ಮೇಲು ಎಂದು ಮೇಜು ಕುಟ್ಟುತ್ತಿದ್ದವರು ದನಿ ತಗ್ಗಿಸುತ್ತಾರೆ. ‘ಎಂಥ ಆಟಗಾರನಾಗಿಬಿಡುತ್ತಿದ್ದ!’ ಎಂದು ಒಬ್ಬರು ಅಂದರೆ ಉಳಿದವರು ತಲೆಯಾಡಿಸುತ್ತಾರೆ. ಅಲ್ಲಿಗೆ ಅವನ ವಿಷಯ ಮುಗಿಯಿತು. ಮಾತು ಮುಂದಿನ ಆಟಗಾರನತ್ತ ಹೊರಳುತ್ತದೆ. ಕೆಲಸಕ್ಕೆಂದು ಈ ಊರಿಗೆ ಬಂದು ನೆಲೆಸಿದ ಮೇಲೆ, ಕ್ರಿಕೆಟ್ಟಿನ ಜಾಗದಲ್ಲಿ ನಿಧಾನವಾಗಿ ರಗ್ಬಿ ಬಂದು ಕುಳಿತ ಮೇಲೆ, ಈ ಮಾತನ್ನು ನಾನು ಹಲವು ಬಾಯಿಗಳಲ್ಲಿ ಕೇಳಿದ್ದೇನೆ. ಪ್ರೀತಿಯಿಂದಲೇ ಆಡುವ ಮಾತು ಅದು. ಆದರೂ ಪ್ರತಿ ಸಲ ನನಗೆ ಒಳಗೆಲ್ಲೋ ಚುಚ್ಚುತ್ತದೆ. ಆಗಬಹುದಾಗಿದ್ದವನು ಎಂದು ನಾವು ಯಾರ ಬಗ್ಗೆ ಮರುಗುತ್ತಿದ್ದೇವೆಯೋ, ಅವನು ಆಗಿಯೇ ಬಿಟ್ಟಿದ್ದನಲ್ಲ, ನಾವೆಲ್ಲ ಕಣ್ಣಾರೆ ಕಂಡಿದ್ದೆವಲ್ಲ ಎಂದು ಹೇಳಬೇಕೆನ್ನಿಸುತ್ತದೆ.

ಲೀವಿ 2022ರ ಏಪ್ರಿಲ್‌ನಲ್ಲಿ ವೈದ್ಯರ ಸಲಹೆಯಂತೆ ಆಟ ನಿಲ್ಲಿಸಿದ. ಆಗ ಅವನಿಗೆ 27 ವರ್ಷ. ಐರ್ಲೆಂಡ್ ಪರ ಆಡಿದ್ದು 11 ಪಂದ್ಯ, ಲೆನ್ಸ್ಟರ್ ಪ್ರಾಂತ್ಯದ ಪರ 80ರ ಹತ್ತಿರ. ಫಾರ್ವರ್ಡ್ ಆಟಗಾರನೊಬ್ಬನ, ಅಂದರೆ ಚೆಂಡಿಗಾಗಿ ತಳ್ಳಾಟಕ್ಕಿಳಿಯುವ ಭಾರದ ಆಟಗಾರನ, ಮೈ ಮತ್ತು ಬುದ್ಧಿ ಎರಡೂ ಹದಕ್ಕೆ ಬರುವುದು ಸಾಮಾನ್ಯವಾಗಿ ಇಪ್ಪತ್ತೇಳು, ಇಪ್ಪತ್ತೆಂಟರ ನಂತರವೇ. ಹಾಗಾಗಿ ಲೆಕ್ಕದ ಪ್ರಕಾರ ಅವನ ಇಡೀ ಆಟವೇ ವೃತ್ತಿಯ ಮೊದಲ ಭಾಗ. ಎರಡನೆಯ ಭಾಗ ಬರಲಿಲ್ಲ. ಈ ಲೆಕ್ಕ ಸರಿಯೇ ಇದೆ. ಅದರಿಂದ ನಾವು ತೆಗೆಯುವ ತೀರ್ಮಾನದ ಜೊತೆಗೆ ಮಾತ್ರ ನನಗೆ ಜಗಳವಿದೆ.

ಏಳು ನಂಬರಿನವನ ಕೆಲಸ

ರಗ್ಬಿಯಲ್ಲಿ ಹದಿನೈದು ಜನ, ಅವರಲ್ಲಿ ಎಂಟು ಮಂದಿ ಫಾರ್ವರ್ಡ್‌ಗಳು. ಏಳು ನಂಬರಿನ ಅಂಗಿ ತೊಟ್ಟವನನ್ನು ಓಪನ್‌ಸೈಡ್ ಫ್ಲ್ಯಾಂಕರ್ ಎನ್ನುತ್ತಾರೆ. ಎರಡೂ ತಂಡದ ಫಾರ್ವರ್ಡ್‌ಗಳು ಹೆಗಲಿಗೆ ಹೆಗಲು ಕೊಟ್ಟು ತಳ್ಳುವ ಸ್ಕ್ರಮ್ ಬಿಚ್ಚಿಕೊಂಡ ಕೂಡಲೇ ಮೈದಾನದ ವಿಶಾಲವಾದ ಬದಿಗೆ ಮೊದಲು ಓಡುವವನು ಅವನು. ಆದರೆ ಅವನ ನಿಜವಾದ ಕೆಲಸ ಇರುವುದು ಚೆಂಡು ನೆಲಕ್ಕೆ ಬೀಳುವ ಜಾಗದಲ್ಲಿ. ಎದುರಾಳಿ ಚೆಂಡು ಹಿಡಿದು ಓಡಿಬರುತ್ತಾನೆ, ಯಾರೋ ಅವನನ್ನು ಕೆಡವುತ್ತಾರೆ. ಬಿದ್ದವನು ಚೆಂಡನ್ನು ಬಿಡಬೇಕು, ಕೆಡವಿದವನು ಪಕ್ಕಕ್ಕೆ ಸರಿಯಬೇಕು. ಆ ಒಂದೆರಡು ಸೆಕೆಂಡುಗಳಲ್ಲಿ, ಎದುರಾಳಿಯ ಜೊತೆಗಾರರು ಬಂದು ಚೆಂಡಿನ ಮೇಲೆ ಗೋಡೆ ಕಟ್ಟುವ ಮುಂಚೆ, ಏಳು ನಂಬರಿನವನು ತನ್ನ ಕಾಲ ಮೇಲೆ ನಿಂತುಕೊಂಡೇ ಬಗ್ಗಿ ಚೆಂಡಿಗೆ ಕೈ ಹಾಕಬೇಕು. ಚೆಂಡು ಕಿತ್ತುಕೊಂಡರೆ ಅದು ಅವನ ತಂಡದ್ದು. ಕೀಳಲಾಗದೆ ಹಿಡಿದುಕೊಂಡೇ ಇದ್ದರೂ, ಬಿದ್ದವನು ಬಿಡುತ್ತಿಲ್ಲವೆಂದು ರೆಫರಿ ಪೆನಾಲ್ಟಿ ಕೊಡುತ್ತಾರೆ. ಇದಕ್ಕೆ ಇಲ್ಲಿಯವರು ಜಾಕಲ್ ಎನ್ನುತ್ತಾರೆ. ಪಂದ್ಯದಲ್ಲಿ ಇಂಥದ್ದು ಎರಡೋ ಮೂರೋ ದಕ್ಕಿದರೆ ಸಾಕು, ಫಲಿತಾಂಶ ಆ ಕಡೆಗೆ ವಾಲಿಬಿಡುತ್ತದೆ.

ಈಗ ಆ ಭಂಗಿಯನ್ನು ಊಹಿಸಿಕೊಳ್ಳಿ. ಕಾಲು ಅಗಲಿಸಿ ನಿಂತಿದ್ದಾನೆ, ಸೊಂಟ ಮಡಚಿದೆ, ಎರಡೂ ಕೈ ನೆಲದ ಹತ್ತಿರ ಚೆಂಡಿನ ಮೇಲಿವೆ, ತಲೆ ಕೆಳಗಿದೆ. ಕತ್ತು, ಬೆನ್ನು, ಮೊಣಕಾಲು ಎಲ್ಲವೂ ತೆರೆದುಕೊಂಡಿವೆ. ಅವನನ್ನು ಅಲ್ಲಿಂದ ಎತ್ತೆಸೆಯಲೆಂದೇ ನೂರು ಕಿಲೋ ದಾಟಿದ ಇಬ್ಬರು ಮೂವರು ಓಡಿಬರುತ್ತಿದ್ದಾರೆ. ತಲೆಯೆತ್ತಿ ನೋಡಿದರೆ ಹಿಡಿತ ಸಡಿಲುತ್ತದೆ. ಕಬಡ್ಡಿಯಲ್ಲಿ ರೇಡರ್‌ನ ಕಣಕಾಲಿಗೆ ಬಿದ್ದವನು ಜೊತೆಗಾರರು ಬಂದು ಮೇಲೆ ಕವಿಯುವವರೆಗೆ ಹೇಗೆ ಹಲ್ಲು ಕಚ್ಚಿ ಹಿಡಿದಿರುತ್ತಾನೋ, ಇದು ಹಾಗೆಯೇ. ವ್ಯತ್ಯಾಸವೆಂದರೆ ಇಲ್ಲಿ ಓಡಿಬರುವವರು ಎದುರು ತಂಡದವರು. ಈ ಕೆಲಸಕ್ಕೆ ಧೈರ್ಯ ಬೇಕು ಎಂಬುದು ಯಾರಿಗೂ ಕಾಣುವ ಮಾತು. ಲೀವಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಯಾವ ರಕ್‌ಗೆ, ಅಂದರೆ ನೆಲಕ್ಕೆ ಬಿದ್ದ ಚೆಂಡಿನ ಮೇಲಿನ ಯಾವ ತಳ್ಳಾಟಕ್ಕೆ, ಹೋಗಬಾರದು ಎಂಬುದು ಅವನಿಗೆ ಗೊತ್ತಿತ್ತು. ಸಣ್ಣ ವಯಸ್ಸಿನ ಫ್ಲ್ಯಾಂಕರ್‌ಗಳು ಪ್ರತಿಯೊಂದಕ್ಕೂ ನುಗ್ಗಿ ದಣಿಯುತ್ತಾರೆ, ಪೆನಾಲ್ಟಿ ಕೊಡಿಸಿಕೊಳ್ಳುತ್ತಾರೆ. ಲೀವಿ ನಾಲ್ಕೈದು ರಕ್‌ಗಳನ್ನು ಪಕ್ಕದಲ್ಲಿ ನಿಂತು ನೋಡಿ ಬಿಟ್ಟುಕೊಡುತ್ತಿದ್ದ, ಆರನೆಯದಕ್ಕೆ ಹೋಗುತ್ತಿದ್ದ. ಹೋದ ಮೇಲೆ ಅವನನ್ನು ಕದಲಿಸುವುದು ಕಷ್ಟ.

1994ರ ಮೇ ತಿಂಗಳಲ್ಲಿ ಹುಟ್ಟಿದ ಡಬ್ಲಿನ್ ಹುಡುಗ ಅವನು. ಓದಿದ್ದು ಸೇಂಟ್ ಮೈಕಲ್ಸ್ ಕಾಲೇಜಿನಲ್ಲಿ. ಹೆಸರು ಕಾಲೇಜಾದರೂ ಅದು ಶಾಲೆ, ಅವೀವಾ ಕ್ರೀಡಾಂಗಣಕ್ಕೆ ನಡೆದುಹೋಗುವಷ್ಟು ಹತ್ತಿರ. ಶುಲ್ಕ ಕಟ್ಟಿ ಓದುವ ಇಂಥ ಕೆಲವು ಶಾಲೆಗಳಿಂದ ಲೆನ್ಸ್ಟರ್ ಅಕಾಡೆಮಿಗೆ, ಅಲ್ಲಿಂದ ಪ್ರಾಂತ್ಯದ ತಂಡಕ್ಕೆ, ಅಲ್ಲಿಂದ ದೇಶದ ತಂಡದ ಹಸಿರು ಅಂಗಿಗೆ ಇಲ್ಲಿ ನೆಟ್ಟಗೆ ದಾರಿಯಿದೆ. ಆ ದಾರಿಯ ಅನುಕೂಲದ ಬಗ್ಗೆ ಇಲ್ಲಿನವರೇ ಬೇಕಾದಷ್ಟು ಚರ್ಚೆ ಮಾಡುತ್ತಾರೆ, ಮಾಡಬೇಕಾದದ್ದೇ. ಆದರೆ ದಾರಿ ಎಷ್ಟೇ ನೆಟ್ಟಗಿದ್ದರೂ ಏಳು ನಂಬರಿನ ಅಂಗಿ ಇರುವುದು ಒಂದೇ. ಆ ಹೊತ್ತಿಗೆ ಲೆನ್ಸ್ಟರ್‌ನಲ್ಲಿ ಅದಕ್ಕೆ ಷಾನ್ ಓಬ್ರಿಯನ್ ಇದ್ದ. ಕಾರ್ಲೋ ಕೌಂಟಿಯ ಟುಲ್ಲೋ ಊರಿನ ರೈತ ಮನೆತನದವನು, 2011ರಲ್ಲಿ ಯುರೋಪಿನ ವರ್ಷದ ಆಟಗಾರನೆನ್ನಿಸಿಕೊಂಡವನು. ಅವನ ಹಿಂದೆ ಲೀವಿಗಿಂತ ಒಂದು ವರ್ಷ ದೊಡ್ಡವನಾದ ಜೋಶ್ ವ್ಯಾನ್ ಡರ್ ಫ್ಲೀರ್ ಇದ್ದ. ಅಜ್ಜ ಅಜ್ಜಿ ನೆದರ್ಲೆಂಡ್ಸ್‌ನಿಂದ ಬಂದವರು, ಊರು ವಿಕ್ಲೋ. ಒಂದೇ ಪ್ರಾಂತ್ಯದ ಈ ಮೂವರೂ ದೇಶದ ತಂಡದ ಅದೇ ಒಂದು ಜಾಗಕ್ಕೆ ಯೋಗ್ಯರಾಗಿದ್ದರು. ಇಂಥಲ್ಲಿ ಕೊನೆಯವನಿಗೆ ಸರದಿ ಹೇಗೆ ಬರುತ್ತದೆ?

ಹೀಸ್ಲಿಪ್‌ನ ಬೆನ್ನು

ಬರುವುದು ಬಹುತೇಕ ಒಂದೇ ರೀತಿಯಲ್ಲಿ: ಮುಂದಿದ್ದವನ ಮೈ ಕೈಕೊಟ್ಟಾಗ. ಕ್ರಿಕೆಟ್ಟಿನಲ್ಲಿ ಬ್ಯಾಟ್ಸ್‌ಮನ್ ಒಬ್ಬ ಲಯ ಕಳೆದುಕೊಂಡಾಗ ಹೊಸಬನಿಗೆ ಜಾಗ ಸಿಗುತ್ತದೆ. ರಗ್ಬಿಯ ಫಾರ್ವರ್ಡ್‌ಗಳಲ್ಲಿ ಲಯ ಕಳೆದುಕೊಳ್ಳುವಷ್ಟು ಹೊತ್ತೇ ಅನೇಕರಿಗೆ ಸಿಗುವುದಿಲ್ಲ. ಭುಜ, ಕತ್ತು, ಮೊಣಕಾಲುಗಳು ಅದಕ್ಕೆ ಮೊದಲೇ ಆಯ್ಕೆ ಮಾಡಿಬಿಡುತ್ತವೆ. ಲೀವಿ 2016ರ ನವೆಂಬರ್‌ನಲ್ಲಿ ಕೆನಡಾ ವಿರುದ್ಧ ಐರ್ಲೆಂಡ್ ಪರ ಮೊದಲ ಸಲ ಆಡಿದ್ದ. ಒಂದು ವಾರದ ಹಿಂದಷ್ಟೇ ಐರ್ಲೆಂಡ್ ಶಿಕಾಗೋದಲ್ಲಿ ನ್ಯೂಜಿಲೆಂಡನ್ನು ಇತಿಹಾಸದಲ್ಲೇ ಮೊದಲ ಸಲ ಸೋಲಿಸಿತ್ತು. ಆ ಗೆಲುವಿನ ತಂಡದವರಿಗೆ ವಿಶ್ರಾಂತಿ ಕೊಟ್ಟು ಹೊಸಬರನ್ನು ಇಳಿಸಿದ ಪಂದ್ಯವದು. ಅವನ ನಿಜವಾದ ಪ್ರವೇಶವೆಂದು ನಾನು ಲೆಕ್ಕಕ್ಕಿಡುವುದು 2017ರ ಮಾರ್ಚ್ 18ನ್ನು.

ಆ ದಿನ ಡಬ್ಲಿನ್ನಿಗೆ ಇಂಗ್ಲೆಂಡ್ ಬಂದಿತ್ತು. ಸತತ 18 ಪಂದ್ಯ ಗೆದ್ದು ವಿಶ್ವದಾಖಲೆಯನ್ನು ಸರಿಗಟ್ಟಿದ್ದ ತಂಡ. ಇನ್ನೊಂದು ಗೆದ್ದರೆ ದಾಖಲೆಯೂ, ಯುರೋಪಿನ ಆರು ದೇಶಗಳ ವಾರ್ಷಿಕ ಪಂದ್ಯಾವಳಿಯಾದ ಸಿಕ್ಸ್ ನೇಷನ್ಸ್‌ನ ಐದೂ ಪಂದ್ಯ ಗೆದ್ದವರಿಗೆ ಸಲ್ಲುವ ಗ್ರ್ಯಾಂಡ್ ಸ್ಲಾಮ್ ಕೂಡ ಅವರದ್ದಾಗುತ್ತಿತ್ತು. ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಐರ್ಲೆಂಡಿನ ಎಂಟು ನಂಬರಿನವನು ಜೇಮಿ ಹೀಸ್ಲಿಪ್ ಬೆನ್ನು ಹಿಡಿದುಕೊಂಡು ಹೊರಗೆ ಹೋದ. ಹೀಸ್ಲಿಪ್ ಅಂದರೆ ಗಾಯವೇ ಆಗದವನು ಎಂದು ಹೆಸರಾಗಿದ್ದವನು, ದೇಶಕ್ಕೆ 95 ಪಂದ್ಯ ಆಡಿದ್ದವನು. ಅವಸರದಲ್ಲಿ ಸಿ.ಜೆ. ಸ್ಟ್ಯಾಂಡರ್ ಎಂಟು ನಂಬರಿನ ಜಾಗಕ್ಕೆ ಸರಿದ, ಬದಲಿ ಆಟಗಾರರ ಸಾಲಿನಲ್ಲಿದ್ದ ಪೀಟರ್ ಓಮಾಹನಿ ಶುರುವಿನಿಂದಲೇ ಆಡಲು ಇಳಿದ. ಅವನಿಂದ ತೆರವಾದ ಬದಲಿಯ ಜಾಗಕ್ಕೆ ಲೀವಿ ಬಂದ. ಐರ್ಲೆಂಡ್ 13–9ರಿಂದ ಗೆದ್ದಿತು. ಓಮಾಹನಿ ಆ ದಿನದ ವೀರನಾದ. ಸಿಕ್ಸ್ ನೇಷನ್ಸ್‌ನಲ್ಲಿ ಲೀವಿ ಮೊದಲ ಬಾರಿಗೆ ಕಾಲಿಟ್ಟಿದ್ದು ಹೀಗೆ, ಆ ದಿನ ಬೆಳಗ್ಗೆ ಎದ್ದಾಗ ಅಂಗಿ ಸಿಗುತ್ತದೆಂಬ ಖಾತ್ರಿಯೂ ಇಲ್ಲದೆ.

ಹೀಸ್ಲಿಪ್ ಮತ್ತೆ ಎಂದೂ ಆಡಲಿಲ್ಲ. ಅಭ್ಯಾಸದ ಆ ಕೆಲವು ನಿಮಿಷಗಳೇ ಅವನ ಕೊನೆಯ ಆಟವೆಂದು ಆಗ ಮೈದಾನದಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು, ತಿಂಗಳುಗಳು ಕಳೆದವು, 2018ರ ಫೆಬ್ರವರಿ 26ರಂದು ಅವನು ನಿವೃತ್ತಿ ಹೇಳಿದ. ಅದಕ್ಕೆ ಎರಡು ದಿನ ಮುಂಚೆ ಲೀವಿ ವೇಲ್ಸ್ ವಿರುದ್ಧ ಟ್ರೈ ಗಳಿಸಿದ್ದ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ತಾಗಿಸಿ ಅಂಕ ತಂದಿದ್ದ. ಈ ಎರಡು ತಾರೀಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಒಬ್ಬ ಹೊರಗೆ ಹೋದ ಬಾಗಿಲಿನಿಂದಲೇ ಇನ್ನೊಬ್ಬ ಒಳಗೆ ಬರುವುದು ಈ ಆಟದ ಕಟ್ಟುಪಾಡು. ಒಳಗೆ ಬಂದವನಿಗೂ ಅದು ಗೊತ್ತಿರುತ್ತದೆ, ಹೊರಗೆ ಹೋದವನಿಗೂ ಗೊತ್ತಿರುತ್ತದೆ. ನಾವು ನೋಡುವವರು ಮಾತ್ರ ಒಳಗೆ ಬಂದವನ ಹೆಸರು ಕೂಗುತ್ತಾ, ಹೊರಗೆ ಹೋದವನ ನೆನಪನ್ನು ಸಂಜೆಯ ಹೊತ್ತಿಗೆ ಬಿಟ್ಟಿರುತ್ತೇವೆ.

ಪ್ಯಾರಿಸ್, ನಲವತ್ತೊಂದು ಸಲ

2018ರ ಫೆಬ್ರವರಿ 3ರ ಪಂದ್ಯವನ್ನು ನಾನು ನೋಡಿದ್ದು ಪಕ್ಕದ ಮನೆಯವರ ಕೋಣೆಯಲ್ಲಿ. ಅವರು ನಿವೃತ್ತರು. ಹರೆಯದಲ್ಲಿ ಊರಿನ ಕ್ಲಬ್ಬಿಗೆ ಏಳು ನಂಬರಿನಲ್ಲಿ ಆಡಿದವರು. ಒಂದು ಮೊಣಕಾಲಿಗೆ ಕೃತಕ ಕೀಲು ಹಾಕಿಸಿಕೊಂಡಿದ್ದಾರೆ, ಮೆಟ್ಟಿಲಿಳಿಯುವಾಗ ಪಕ್ಕಕ್ಕೆ ತಿರುಗಿ ಒಂದೊಂದಾಗಿ ಇಳಿಯುತ್ತಾರೆ. ರಗ್ಬಿ ನೋಡುವುದನ್ನು ನನಗೆ ಕಲಿಸಿದವರು ಅವರೇ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, ಚೆಂಡು ಬಿಟ್ಟುಹೋದ ಜಾಗದಲ್ಲಿ ಏನು ನಡೆಯುತ್ತಿದೆ ನೋಡಿ, ಅಲ್ಲಿಂದ ಯಾರು ಮೊದಲು ಎದ್ದು ಮುಂದಿನ ಜಾಗಕ್ಕೆ ಹೊರಟರು ನೋಡಿ ಎಂದು ಹೇಳುತ್ತಿದ್ದರು. ಆ ದಿನ ಪ್ಯಾರಿಸಿನಲ್ಲಿ ಮಳೆ ಇತ್ತು. ಮೊದಲಾರ್ಧದಲ್ಲೇ ವ್ಯಾನ್ ಡರ್ ಫ್ಲೀರ್‌ನ ಮೊಣಕಾಲು ತಿರುಚಿಕೊಂಡಿತು. ಅವನು ಹೊರಗೆ ಬಂದ, ಲೀವಿ ಒಳಗೆ ಹೋದ. ಪಕ್ಕದ ಮನೆಯವರು ಟಿವಿಯಲ್ಲಿ ಆ ಕಾಲನ್ನು ಇನ್ನೊಮ್ಮೆ ತೋರಿಸಿದಾಗ ಮುಖ ತಿರುಗಿಸಿದರು. ‘ಆ ಹುಡುಗನಿಗೆ ಈ ವರ್ಷ ಮುಗಿಯಿತು’ ಎಂದರು. ಅವರು ಹೇಳಿದ್ದು ವ್ಯಾನ್ ಡರ್ ಫ್ಲೀರ್ ಬಗ್ಗೆ. ಹಾಗೆಯೇ ಆಯಿತು, ಮೊಣಕಾಲಿನ ಮುಂಭಾಗದ ಅಸ್ಥಿರಜ್ಜು ಹರಿದಿತ್ತು.

ಆ ಪಂದ್ಯದ ಕೊನೆ ರಗ್ಬಿ ನೋಡುವವರಿಗೆಲ್ಲ ಗೊತ್ತು. ಕೊನೆಯ ಹತ್ತು ನಿಮಿಷಗಳೊಳಗೆ ಟೆಡ್ಡಿ ಥಾಮಸ್ ಟ್ರೈ ಗಳಿಸಿದ್ದರಿಂದ ಫ್ರಾನ್ಸ್ 13–12ರಿಂದ ಮುಂದಿತ್ತು. ಸಮಯ ಮುಗಿಯುತ್ತಿರುವಾಗ ಐರ್ಲೆಂಡಿಗೆ ಚೆಂಡು ಸಿಕ್ಕಿದ್ದು ತನ್ನ ಅಂಗಳದ ಆಳದಲ್ಲಿ. ಅಲ್ಲಿಂದ 41 ಫೇಸ್‌ಗಳು. ಒಬ್ಬ ಚೆಂಡು ಹಿಡಿದು ಒಂದೆರಡು ಮೀಟರ್ ನುಗ್ಗಿ ಬೀಳುವುದು, ಇಬ್ಬರು ಅವನ ಮೇಲೆ ಗೋಡೆ ಕಟ್ಟುವುದು, ಚೆಂಡು ಹೊರಬರುವುದು, ಮತ್ತೊಬ್ಬ ನುಗ್ಗುವುದು. ಹೀಗೆ ನಲವತ್ತೊಂದು ಸಲ, ಒಂದೂ ತಪ್ಪಿಲ್ಲದೆ. 83ನೇ ನಿಮಿಷದಲ್ಲಿ ಜಾನಿ ಸೆಕ್ಸ್ಟನ್ ನಲವತ್ತು ಮೀಟರ್‌ಗೂ ಆಚೆಯಿಂದ ಡ್ರಾಪ್ ಗೋಲ್ ಹೊಡೆದ, ಅಂದರೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೊಡನೆ ಕಂಬಗಳ ನಡುವೆ ಒದ್ದ. 15–13. ಪತ್ರಿಕೆಗಳಲ್ಲಿ ಬಂದದ್ದು ಸೆಕ್ಸ್ಟನ್‌ನ ಚಿತ್ರ, ಬರಲೇಬೇಕಾದದ್ದು. ಆದರೆ ಆ ನಲವತ್ತೊಂದರಲ್ಲಿ ಯಾವುದೇ ಒಂದು ಸಲ ಒಬ್ಬ ಫ್ರೆಂಚ್ ಆಟಗಾರ ಚೆಂಡಿಗೆ ಕೈ ಹಾಕಿ ಒಂದು ಕ್ಷಣ ನಿಂತಿದ್ದರೂ ಪಂದ್ಯ ಮುಗಿದಿರುತ್ತಿತ್ತು. ಹಾಗೆ ಕೈ ಹಾಕುವುದು ಹೇಗೆಂದು ಗೊತ್ತಿದ್ದವನೇ, ಯಾರೂ ಕೈ ಹಾಕದಂತೆ ತಡೆಯಲೂ ಬಲ್ಲ. ಲೀವಿ ಎದ್ದು ಓಡಿ ಬಗ್ಗಿ ತಳ್ಳಿ ಬಿದ್ದು ಮತ್ತೆ ಎದ್ದದ್ದನ್ನು ಪಕ್ಕದ ಮನೆಯವರು ಬೆರಳಿಟ್ಟು ತೋರಿಸುತ್ತಿದ್ದರು. ಚೆಂಡು ಕಂಬಗಳ ನಡುವೆ ಹೋದಾಗ ನಾನು ಕೂಗಿಕೊಂಡೆ. ಅವರು ಕುರ್ಚಿಗೆ ಒರಗಿ ಮೊಣಕಾಲು ಒತ್ತಿಕೊಳ್ಳುತ್ತಾ, ‘ಇನ್ನು ಈ ಅಂಗಿಯನ್ನು ಈ ಹುಡುಗ ಬಿಟ್ಟುಕೊಡುವುದಿಲ್ಲ’ ಎಂದರು.

ನೂರು ದಿನ

ಮುಂದಿನ ನಾಲ್ಕೂ ಪಂದ್ಯಗಳಲ್ಲಿ ಏಳು ನಂಬರು ಲೀವಿಯದೇ. ಇಟಲಿ ವಿರುದ್ಧ 56–19, ವೇಲ್ಸ್ ವಿರುದ್ಧ 37–27, ಸ್ಕಾಟ್ಲೆಂಡ್ ವಿರುದ್ಧ 28–8; ಮಾರ್ಚ್ 17, ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಕೊರೆಯುವ ಚಳಿಯಲ್ಲಿ, ಲಂಡನ್ನಿನ ಟ್ವಿಕನಮ್ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ 24–15. 1948 ಮತ್ತು 2009ರ ನಂತರ ಐರ್ಲೆಂಡಿಗೆ ಮೂರನೆಯ ಗ್ರ್ಯಾಂಡ್ ಸ್ಲಾಮ್. ಅದಾಗಿ ಎರಡು ವಾರಕ್ಕೆ, ಏಪ್ರಿಲ್ 1ರಂದು, ಯುರೋಪಿನ ಕ್ಲಬ್ಬು, ಪ್ರಾಂತ್ಯಗಳ ನಡುವಿನ ಯುರೋಪಿಯನ್ ಕಪ್‌ನಲ್ಲಿ ಲೆನ್ಸ್ಟರ್ ಎದುರು ಇಂಗ್ಲೆಂಡಿನ ಕ್ಲಬ್ಬು ಸಾರಸನ್ಸ್. ಹಿಂದಿನ ಎರಡೂ ವರ್ಷ ಯುರೋಪಿನ ಚಾಂಪಿಯನ್ ಆಗಿದ್ದ ತಂಡ, ಎದುರಾಳಿಗಳನ್ನು ನಿಧಾನವಾಗಿ ಉಸಿರುಗಟ್ಟಿಸುವುದರಲ್ಲಿ ಪಳಗಿದವರು. ಲೆನ್ಸ್ಟರ್ 30–19ರಿಂದ ಗೆದ್ದಿತು. ಲೀವಿ ಒಂದು ಟ್ರೈ ಗಳಿಸಿದ. ಆದರೆ ನನ್ನ ಮಟ್ಟಿಗೆ ಟ್ರೈ ಅವನ ಆ ದಿನದ ಕೆಲಸದಲ್ಲಿ ಚಿಕ್ಕ ಪಾಲು. ಸಾರಸನ್ಸ್‌ನವರು ಕಟ್ಟಲು ಹೊರಟ ಒಂದೊಂದು ದಾಳಿಯೂ ಎಲ್ಲಿ ನಿಧಾನವಾಯಿತೋ ಅಲ್ಲಿ ಅವನಿದ್ದ. ಚೆಂಡು ಕಿತ್ತುಕೊಂಡದ್ದಕ್ಕಿಂತ ಹೆಚ್ಚಾಗಿ ಚೆಂಡು ಬೇಗ ಹೊರಬರದಂತೆ ಮಾಡಿದ. ಎದುರಾಳಿಗಳು ಅವನೊಬ್ಬನಿಗಾಗಿ ಪ್ರತಿ ರಕ್‌ಗೆ ಒಬ್ಬಿಬ್ಬರನ್ನು ಹೆಚ್ಚು ಕಳಿಸಬೇಕಾಯಿತು. ಹಾಗೆ ಕಳಿಸಿದಷ್ಟೂ ದಾಳಿಗೆ ಜನ ಕಡಿಮೆಯಾದರು. ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ಮೇ 12ರಂದು ಸ್ಪೇನಿನ ಬಿಲ್ಬಾವೊದಲ್ಲಿ ಫೈನಲ್. ಫ್ರಾನ್ಸಿನ ರಾಸಿಂಗ್ 92 ಕ್ಲಬ್ಬಿನ ವಿರುದ್ಧ 15–12, ಒಂದೂ ಟ್ರೈ ಇಲ್ಲದ, ಮಳೆಯಲ್ಲಿ ನೆಂದ, ಪೂರ್ತಿ ಫಾರ್ವರ್ಡ್‌ಗಳ ಬೆವರಿನ ಪಂದ್ಯ. ಲೆನ್ಸ್ಟರ್‌ಗೆ ನಾಲ್ಕನೆಯ ಯುರೋಪಿಯನ್ ಕಪ್. ಪ್ಯಾರಿಸಿನ ರಾತ್ರಿಯಿಂದ ಅಲ್ಲಿಗೆ ನೂರು ದಿನಕ್ಕಿಂತ ಕಡಿಮೆ. ಗ್ರ್ಯಾಂಡ್ ಸ್ಲಾಮ್ ಮತ್ತು ಯುರೋಪಿಯನ್ ಕಪ್ ಎರಡನ್ನೂ ಒಂದೇ ವಸಂತದಲ್ಲಿ, ತನ್ನ ಇಪ್ಪತ್ತನಾಲ್ಕನೆಯ ಹುಟ್ಟುಹಬ್ಬಕ್ಕೆ ಮುಂಚೆ ಗೆದ್ದಿದ್ದ ಲೀವಿ. ಹದಿನೈದು ವರ್ಷ ಆಡಿಯೂ ಇವೆರಡರಲ್ಲಿ ಒಂದನ್ನೂ ಮುಟ್ಟದೆ ಹೋದ ದೊಡ್ಡ ಆಟಗಾರರು ಇದ್ದಾರೆ. ಇಷ್ಟನ್ನೂ ಮುನ್ನುಡಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಮುಂದೆ ಏನೋ ಬರಲಿತ್ತು ಎಂಬ ಕಾರಣಕ್ಕೆ ಈಗಾಗಲೇ ಬಂದದ್ದನ್ನು ಚಿಕ್ಕದು ಮಾಡುವ ಅಭ್ಯಾಸ ನಮಗೆ ಎಲ್ಲಿಂದ ಬಂತು? ಯುವ ಆಟಗಾರರನ್ನು ನಾವು ಸಾಲ ಕೊಟ್ಟವರ ಕಣ್ಣಿನಿಂದ ನೋಡುತ್ತೇವೆ. ಇಂದು ಆಡಿದ್ದು ಬಡ್ಡಿ, ಅಸಲು ಮುಂದೆ ಬರಬೇಕು ಎಂಬಂತೆ. ಇಪ್ಪತ್ಮೂರರ ಹುಡುಗ ಎಂಬತ್ತು ನಿಮಿಷ ತನ್ನ ಕತ್ತು ಬೆನ್ನುಗಳನ್ನು ಒಡ್ಡಿ ಆಡುವಾಗ ಯಾರ ಸಾಲವನ್ನೂ ತೀರಿಸುತ್ತಿರುವುದಿಲ್ಲ. ಅದು ಆ ಹೊತ್ತಿನ, ಪೂರ್ತಿಯಾದ ಕೆಲಸ.

ಅಲ್ಸ್ಟರ್ ವಿರುದ್ಧದ ಸಂಜೆ

2019ರ ಮಾರ್ಚ್ 30ರಂದು ನಾನು ಅವೀವಾದಲ್ಲಿದ್ದೆ. ಲೆನ್ಸ್ಟರ್‌ಗೂ ಅಲ್ಸ್ಟರ್‌ಗೂ ಯುರೋಪಿಯನ್ ಕಪ್‌ನ ಕ್ವಾರ್ಟರ್ ಫೈನಲ್. ಎರಡು ಐರಿಷ್ ಪ್ರಾಂತ್ಯಗಳ ನಡುವಿನ ಪಂದ್ಯವಾದ್ದರಿಂದ ಬೆಲ್‌ಫಾಸ್ಟ್‌ನಿಂದ ಬಿಳಿ ಅಂಗಿಯವರು ರೈಲು ತುಂಬಿಕೊಂಡು ಬಂದಿದ್ದರು. ಲ್ಯಾನ್ಸ್‌ಡೌನ್ ರಸ್ತೆಯ ನಿಲ್ದಾಣದಲ್ಲಿ ಇಳಿದಾಗ ಕಾಲಿಡಲು ಜಾಗವಿರಲಿಲ್ಲ. ಪಕ್ಕದ ಮನೆಯವರೂ ಜೊತೆಗಿದ್ದರು. ಅಷ್ಟು ಮೆಟ್ಟಿಲು ಹತ್ತುವುದು ಅವರಿಗೆ ಸುಲಭವಲ್ಲ, ಆದರೂ ಹಟ ಹಿಡಿದು ಬಂದಿದ್ದರು. ಲೀವಿಗೆ ಆ ಋತುವಿನಲ್ಲಿ ಗಾಯದ ಮೇಲೆ ಗಾಯ. ಈ ನಡುವೆ ವ್ಯಾನ್ ಡರ್ ಫ್ಲೀರ್ ಗುಣವಾಗಿ ಮರಳಿದ್ದ, ಸಿಕ್ಸ್ ನೇಷನ್ಸ್‌ನಲ್ಲಿ ಅಂಗಿಯನ್ನು ವಾಪಸ್ ಪಡೆದಿದ್ದ. ಆ ದಿನ ಲೀವಿ ಬದಲಿಗರ ಸಾಲಿನಲ್ಲಿದ್ದ. ಅವನು ಬದಿಯಲ್ಲಿ ಓಡಾಡಿ ಮೈ ಬಿಸಿ ಮಾಡಿಕೊಳ್ಳಲು ಎದ್ದಾಗ ನಮ್ಮ ಸುತ್ತ ಚಪ್ಪಾಳೆ ಎದ್ದಿತು.

ಪಂದ್ಯ ಕೊನೆಯವರೆಗೂ ತೂಗುಯ್ಯಾಲೆಯಲ್ಲೇ ಇತ್ತು. ಅಲ್ಸ್ಟರ್‌ನ ಜೇಕಬ್ ಸ್ಟಾಕ್‌ಡೇಲ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ತಾಗಿಸುವ ಗಳಿಗೆಯಲ್ಲಿ ಕೈಯಿಂದ ಜಾರಿಸಿಕೊಂಡ. ಕೊನೆಗೆ ರಾಸ್ ಬರ್ನ್ ಹೊಡೆದ ಪೆನಾಲ್ಟಿಯಿಂದ ಲೆನ್ಸ್ಟರ್ 21–18ಕ್ಕೆ ಗೆದ್ದಿತು. ಇದೆಲ್ಲ ಆಮೇಲೆ ಓದಿ, ನೋಡಿ ಜೋಡಿಸಿಕೊಂಡದ್ದು. ಕುಳಿತಲ್ಲಿಂದ ನನಗೆ ನೆನಪಿರುವುದು ಎರಡನೆಯ ಅರ್ಧದಲ್ಲಿ ಬಂದ ಲೀವಿ ಒಂದು ಗುಂಪಿನಿಂದ ಏಳದೆ ಇದ್ದದ್ದು. ಆಟಗಾರರು ಅವನಿಂದ ಸರಿದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಸಾಮಾನ್ಯವಾಗಿ ಬಿದ್ದವನ ಬೆನ್ನು ತಟ್ಟಿ ಮುಂದೆ ಹೋಗುವವರು ಅಂದು ಮುಖ ಬೇರೆ ಕಡೆ ಮಾಡಿದರು. ವೈದ್ಯರು ಓಡಿದರು, ಬಹಳ ಹೊತ್ತು ಅವನ ಸುತ್ತ ಮಂಡಿಯೂರಿದ್ದರು. ಸ್ಟ್ರೆಚರ್‌ನಲ್ಲಿ ಹೊರಗೆ ಒಯ್ಯುವಾಗ ಕ್ರೀಡಾಂಗಣದಲ್ಲಿದ್ದವರೆಲ್ಲ ಎದ್ದು ನಿಂತರು, ನೀಲಿಯವರೂ, ಬಿಳಿಯವರೂ. ನನ್ನ ಪಕ್ಕದಲ್ಲಿ ಆ ಹಿರಿಯರು ಕೂಡ ಎದ್ದಿದ್ದರು, ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು. ‘ಮೊಣಕಾಲು’ ಎಂದರು. ಅಷ್ಟು ದೂರದಿಂದ ಅವರಿಗೆ ಅದು ಹೇಗೆ ಕಂಡಿತೋ. ಗೆದ್ದ ತಂಡದ ಊರಿನವರಾಗಿ ನಾವು ಆ ಸಂಜೆ ರೈಲಿನಲ್ಲಿ ಹಾಡಬೇಕಿತ್ತು. ನಮ್ಮ ಬೋಗಿಯಲ್ಲಿ ಜನ ಅವನ ಬಗ್ಗೆಯೇ ಕೇಳುತ್ತಿದ್ದರು, ಯಾರಿಗಾದರೂ ಸುದ್ದಿ ಬಂತೇ ಎಂದು ಮೊಬೈಲ್ ನೋಡುತ್ತಿದ್ದರು.

ಮೊಣಕಾಲಿನ ಹಲವು ಅಸ್ಥಿರಜ್ಜುಗಳು ಒಟ್ಟಿಗೆ ಹರಿದಿದ್ದವು. ಆ ವರ್ಷದ ಕೊನೆಗೆ ಜಪಾನಿನಲ್ಲಿ ನಡೆದ ವಿಶ್ವಕಪ್ ತಪ್ಪಿತು. ಇಂಥ ಗಾಯದ ನಂತರ ಆಟಕ್ಕೆ ಮರಳುವವರೇ ಅಪರೂಪ. ಕೆಲವರಿಗೆ ನೆಟ್ಟಗೆ ನಡೆಯುವುದೇ ದೊಡ್ಡ ಗುರಿಯಾಗುತ್ತದೆ. ಲೀವಿ ಸುಮಾರು 19 ತಿಂಗಳ ಬಳಿಕ, 2020ರ ಅಕ್ಟೋಬರ್‌ನಲ್ಲಿ, ಮತ್ತೆ ಲೆನ್ಸ್ಟರ್ ಅಂಗಿ ತೊಟ್ಟ. ಕೋವಿಡ್‌ನಿಂದಾಗಿ ಕ್ರೀಡಾಂಗಣಗಳು ಖಾಲಿ ಇದ್ದ ಕಾಲ. ಅವನಿಗಾಗಿ ಎದ್ದು ನಿಂತ ಸಾವಿರಾರು ಜನರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಅವನ ಬದುಕಿನ ಅತ್ಯಂತ ಕಷ್ಟದ ಪಂದ್ಯಕ್ಕೆ ಚಪ್ಪಾಳೆ ಸಿಗಲಿಲ್ಲವೆಂಬುದು ನನಗೆ ಇವತ್ತಿಗೂ ನೋವಿನ ಸಂಗತಿ. ಅಲ್ಲಿಂದ ಒಂದೂವರೆ ವರ್ಷ ಬಿಟ್ಟು ಬಿಟ್ಟು ಆಡಿದ. ಮೊಣಕಾಲು ಒಪ್ಪಲಿಲ್ಲ.

ಅಂಗಿಯ ಲೆಕ್ಕ

ಲೀವಿ ನಿವೃತ್ತಿ ಹೇಳಿದ ಅದೇ 2022ರ ನವೆಂಬರ್‌ನಲ್ಲಿ ವ್ಯಾನ್ ಡರ್ ಫ್ಲೀರ್ ವಿಶ್ವದ ವರ್ಷದ ಆಟಗಾರನಾದ. ಕೆಂಪು ಟೊಪ್ಪಿಗೆಯ ಆ ಆಟಗಾರ ತನ್ನ ಮೊಣಕಾಲು ತಿರುಚಿಕೊಂಡು ಹೊರಬಂದ ರಾತ್ರಿ ಒಳಗೆ ಹೋದವನು ಲೀವಿ. ಲೀವಿಯ ಮೊಣಕಾಲು ಹೋದ ಮೇಲೆ ಅಂಗಿ ಉಳಿದದ್ದು ವ್ಯಾನ್ ಡರ್ ಫ್ಲೀರ್‌ನ ಬಳಿಯೇ. ಇಬ್ಬರ ಗಾಯವೂ ಒಂದೇ ಕೀಲಿನದು. ವ್ಯಾನ್ ಡರ್ ಫ್ಲೀರ್‌ನದು ಒಂದು ವರ್ಷದೊಳಗೆ ಕೂಡಿತು, ಲೀವಿಯದು ಕೂಡಲಿಲ್ಲ. ಇದರಲ್ಲಿ ಯಾರ ಪರಿಶ್ರಮ ಹೆಚ್ಚು, ಯಾರದು ಕಡಿಮೆ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ವ್ಯಾನ್ ಡರ್ ಫ್ಲೀರ್‌ನ ಪ್ರಶಸ್ತಿ ಅವನು ದುಡಿದು ಪಡೆದದ್ದು. ವರ್ಷದಿಂದ ವರ್ಷಕ್ಕೆ ಚೆಂಡು ಹಿಡಿದು ನುಗ್ಗುವ ಆಟವನ್ನು ತಿದ್ದಿಕೊಂಡು ಬೇರೆಯೇ ಆಟಗಾರನಾದ. ಆದರೆ ಜನ ಈ ಇಬ್ಬರನ್ನು ಹೋಲಿಸಿ, ಒಬ್ಬನನ್ನು ಗುರಿ ಮುಟ್ಟಿದವನೆಂದೂ ಇನ್ನೊಬ್ಬನನ್ನು ದಾರಿಯಲ್ಲಿ ಉಳಿದವನೆಂದೂ ಬರೆಯುವಾಗ, 2018ರ ಆ ವಸಂತದಲ್ಲಿ ಅಂಗಿ ಯಾರ ಮೈಮೇಲಿತ್ತು ಎಂಬುದನ್ನು ಮರೆಯುತ್ತಾರೆ. ಆ ಗ್ರ್ಯಾಂಡ್ ಸ್ಲಾಮ್‌ನ ಏಳು ನಂಬರು ಲೀವಿ. ಅದನ್ನು ಮುಂದೆ ಯಾರ ಪ್ರಶಸ್ತಿಯೂ ಬದಲಿಸುವುದಿಲ್ಲ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. 2021ರ ಆಗಸ್ಟ್‌ನಿಂದ ವರ್ಲ್ಡ್ ರಗ್ಬಿ ಸಂಸ್ಥೆ ಹೊಸ ನಿಯಮವೊಂದನ್ನು ಪ್ರಯೋಗಕ್ಕೆ ತಂದಿತು: ಚೆಂಡಿನ ಮೇಲೆ ಬಗ್ಗಿ ನಿಂತವನನ್ನು ಸರಿಸುವಾಗ ಅವನ ಕಾಲುಗಳನ್ನು ಗುರಿ ಮಾಡುವುದು, ಕಾಲುಗಳ ಮೇಲೆ ಮೈಭಾರ ಬಿಡುವುದು ತಪ್ಪು, ಅದಕ್ಕೆ ಪೆನಾಲ್ಟಿ. ಒಬ್ಬ ಆಟಗಾರನ ಗಾಯದಿಂದ ಬಂದ ನಿಯಮವಲ್ಲ ಅದು; ಜಗತ್ತಿನ ಉದ್ದಗಲಕ್ಕೂ ಏಳು ನಂಬರಿನವರ ಮೊಣಕಾಲುಗಳು ವರ್ಷಗಟ್ಟಲೆ ಹೋದ ಮೇಲೆ ಬಂದದ್ದು. ನನಗೆ ಸಿಟ್ಟಿರುವುದು ಇಲ್ಲಿ. ಯಾವ ಭಂಗಿಯಲ್ಲಿ ಮನುಷ್ಯನ ಕಾಲು ಎಷ್ಟು ದುರ್ಬಲ ಎಂಬುದು ಮೊದಲಿನಿಂದ ಗೊತ್ತಿತ್ತು. ನನ್ನ ಪಕ್ಕದ ಮನೆಯವರಿಗೆ ಗೊತ್ತಿತ್ತು, ಅವರ ಕಾಲದ ಕ್ಲಬ್ಬುಗಳಿಗೆ ಗೊತ್ತಿತ್ತು. ‘ಎಂಥ ಆಟಗಾರನಾಗುತ್ತಿದ್ದ’ ಎಂದು ನಿಟ್ಟುಸಿರು ಬಿಡುವಾಗ ಗಾಯವನ್ನು ನಾವು ವಿಧಿಯ ತಲೆಗೆ ಕಟ್ಟುತ್ತೇವೆ. ಮರುಕ ಅಲ್ಲಿಗೇ ನಿಂತುಬಿಡುತ್ತದೆ. ಇಷ್ಟು ಪಂದ್ಯಗಳನ್ನು ಒಂದು ಋತುವಿಗೆ ತುರುಕಿದವರು ಯಾರು, ಯಾವ ತಳ್ಳಾಟವನ್ನು ರೆಫರಿಗಳು ಕಂಡೂ ಬಿಡುತ್ತಿದ್ದರು, ಇಪ್ಪತ್ತೇಳಕ್ಕೆ ಕೆಲಸ ಕಳೆದುಕೊಂಡವನ ಮೊಣಕಾಲನ್ನು ಐವತ್ತರಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುವ ಜಾಗಕ್ಕೆ ನಾವು ಬರುವುದೇ ಇಲ್ಲ. ಇಲ್ಲಿ ಆಟಗಾರರ ಸಂಘವಿದೆ, ಆಟ ಬಿಟ್ಟವರ ಓದಿಗೆ, ಉದ್ಯೋಗಕ್ಕೆ ಅದು ನೆರವಾಗುತ್ತದೆ, ಒಳ್ಳೆಯ ಕೆಲಸ. ಆದರೂ ಟಿಕೆಟ್ ಕೊಂಡು ಕೂಗುವ ನಮ್ಮಂಥವರಿಂದಲೂ ಆ ಪ್ರಶ್ನೆಗಳು ಬರಬೇಕು.

ನಾನು ಅವನ ಬಗ್ಗೆ ಯಾರಿಗಾದರೂ ಹೇಳುವುದಾದರೆ ಅಲ್ಸ್ಟರ್ ಪಂದ್ಯದಿಂದ ಶುರು ಮಾಡುವುದಿಲ್ಲ. ಸಾರಸನ್ಸ್ ಪಂದ್ಯದಿಂದ ಮಾಡುತ್ತೇನೆ. ಆಯ್ದ ತುಣುಕುಗಳಲ್ಲಿ ಅವನ ಟ್ರೈ ಮಾತ್ರ ಸಿಗುತ್ತದೆ, ಅದು ಸಾಲದು. ಪೂರ್ತಿ ಪಂದ್ಯವನ್ನೇ ಹುಡುಕಿ. ರಗ್ಬಿ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಹತ್ತು ನಿಮಿಷ ಚೆಂಡನ್ನು ಮರೆತು ಲೆನ್ಸ್ಟರ್‌ನ ಏಳು ನಂಬರಿನವನನ್ನೊಬ್ಬನನ್ನೇ ಹಿಂಬಾಲಿಸಿ: ಯಾವಾಗ ನಿಲ್ಲುತ್ತಾನೆ, ಯಾವಾಗ ಕೈ ಹಾಕುತ್ತಾನೆ, ಬಿದ್ದ ಮೇಲೆ ಏಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ. ಆಮೇಲೆ ಎದುರು ತಂಡದ ಫಾರ್ವರ್ಡ್‌ಗಳನ್ನು ನೋಡಿ, ಅವನು ಎಲ್ಲಿದ್ದಾನೆಂದು ಅವರು ಎಷ್ಟು ಸಲ ತಿರುಗಿ ನೋಡುತ್ತಾರೆ ಎಂದು.